ಕುಡಗೋಲಿಲ್ಲದ ಸಿನೆಮಾ

ಇಚಲಕರಂಜಿ
25 ಜನವರಿ 2025

ಚಿಗವ್ವನಿಗೆ ಕೇದಾರನ ನಮಸ್ಕಾರ.

ನೀನು ಕಂಡಕ್ಟರ್ ಮಲ್ಲಾರಿಯ ಕೈಯಲ್ಲಿ ಕಳಿಸಿದ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಎರಡೂ ಮುಟ್ಟಿದವು. ಗಂಟು ಸಡಿಲವಾಗಿತ್ತು, ಒಂದೆರಡು ರೊಟ್ಟಿ ಬಸ್ಸಿನಲ್ಲೇ ಖರ್ಚಾಗಿರಬೇಕು. ಉಳಿದದ್ದನ್ನು ಟಾಕೀಜಿನ ಮೆಟ್ಟಿಲ ಮೇಲೆ ಕೂತು ತಿಂದೆ. ಕೋವಾಡದಿಂದ ಬರಿಗೈಲಿ ಬಂದವನಿಗೆ ಯಡ್ರಾವದ ನಿನ್ನ ಮನೆಯಲ್ಲಿ ಊಟ ಹಾಕಿದವಳು ನೀನು. ಮಗ್ಗ ನಿಲ್ಲಿಸಿ ಬಂದು, ಮಾಲಕರ ಮುಂದೆ ನಿಂತು, ಈ ಟಾಕೀಜಿನ ಕೆಲಸ ಕೊಡಿಸಿದವಳೂ ನೀನೇ. ಎದುರಿಗೆ ಹೇಳಿದರೆ ಬೈಯುತ್ತೀಯ, ಅದಕ್ಕೆ ಕಾಗದದಲ್ಲಿ ಹೇಳುತ್ತಿದ್ದೇನೆ.

ಮೊನ್ನೆ ಫೋನ್ ಮಾಡಿದ್ದೆ. ನೀನು ಎತ್ತಿ, “ರೇಂಜ್ ಇಲ್ಲೋ, ಏನೂ ಕೇಳವಲ್ದು,” ಎಂದು ಇಟ್ಟುಬಿಟ್ಟೆ. ನಿಮ್ಮ ಗಡಹಿಂಗ್ಲಜಕ್ಕೆ ರೇಂಜ್ ಯಾವಾಗ ಬರುತ್ತದೋ ದೇವರೇ ಬಲ್ಲ. ಮೊಬೈಲಿಗೆ ಬರೆದು ಕಳಿಸಿದರೆ ನಿನ್ನ ಜೊತೆ ರೊಟ್ಟಿ ಬಡಿಯುವ ಯಮುನವ್ವನ ಸೊಸೆ ಮೊದಲು ಓದಿ ಖಾನಾವಳಿಗೆಲ್ಲ ಡಂಗುರ ಹೊಡೆಯುತ್ತಾಳೆ ಎಂದು ನೀನೇ ಹೇಳಿದ್ದೀ. ಹೀಗಾಗಿ ನಮಗೆ ಮಲ್ಲಾರಿಯ ಬಸ್ಸೇ ಗತಿ.

ಈಗ ಸುದ್ದಿ. ನಿನ್ನ ಮಗಳು ರುತುಜಾ ತೆಗೆಯುತ್ತಿದ್ದ ಸಿನೆಮಾ ಮುಗಿದಿದೆ. ಕೊಲ್ಹಾಪುರದಲ್ಲಿ ಅವಳು ಹತ್ತದ ಟಾಕೀಜಿನ ಮೆಟ್ಟಿಲಿಲ್ಲ. ಎಲ್ಲರೂ, ಮಾತೇ ಇಲ್ಲದ ಸಿನೆಮಾ ಯಾರು ನೋಡುತ್ತಾರೆ ಎಂದು ಚಹಾ ಕುಡಿಸಿ ಕಳಿಸಿದರು. ನಾನು ನಮ್ಮ ಮಾಲಕ ಕಾಡಸಿದ್ದಣ್ಣನ ಬೆನ್ನುಬಿದ್ದು ಫೆಬ್ರುವರಿ ಏಳರ ಶುಕ್ರವಾರದಿಂದ ಒಂದು ವಾರ ನಮ್ಮಲ್ಲಿ ಹಾಕಿಸಿದ್ದೇನೆ. ಇಲ್ಲಿ ಓಡಿದರೆ ಬೇರೆ ಊರಿನವರು ಕೇಳುತ್ತಾರೆ. ಇಲ್ಲೇ ಬಿದ್ದರೆ ಇದನ್ನು ಮತ್ತಾರೂ ಮುಟ್ಟುವುದಿಲ್ಲ, ರುತುಜಾಗೆ ಎರಡನೆಯ ಸಿನೆಮಾ ಎಂಬುದೂ ಇರುವುದಿಲ್ಲ.

ಯಡ್ರಾವದ ಕರೆಂಟಿನ ಮಗ್ಗದ ಶೆಡ್ಡಿನಲ್ಲಿ ದುಡಿಯುವ ಗಂಡ ಹೆಂಡತಿಯ ಕತೆ ಅದು. ಫೈಟ್ ಇಲ್ಲ, ಹಾಡಿಲ್ಲ, ಮಾತು ಇಲ್ಲವೆನ್ನುವಷ್ಟು ಕಡಿಮೆ. ಖಾಲಿ ಟಾಕೀಜಿನಲ್ಲಿ ಒಬ್ಬನೇ ಕೂತು ನೋಡಿದೆ. ಚೆನ್ನಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ತಿಕೀಟಿನ ಕಿಟಕಿಯಲ್ಲಿ ನಮ್ಮ ಜನ ಕೇಳುವುದೇ ಬೇರೆ: “ಫೈಟ್ ಎಷ್ಟ ಅದಾವ್ರಿ? ಹೀರೋ ಯಾರ್ರಿ?” ಸಿನೆಮಾ ಶುರುವಾಗುವ ಮೊದಲೇ ಅವರ ತಲೆಯಲ್ಲಿ ಒಂದು ಸಿನೆಮಾ ಓಡಿರುತ್ತದೆ. ಪರದೆಯ ಮೇಲೆ ಅದೇ ಬರಬೇಕು.

ಅದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ. ನಾಯಕಿ ಆಡಿಗೆ ಮೇವು ಕೊಯ್ಯುವ ಒಂದು ಸೀನಿದೆ. ಆ ಫೋಟೋ ತೆಗೆಸಿ, ಹಿಂದೆ ಕೆಂಪು ಬಣ್ಣ ಬಳಿಸಿ, ದೊಡ್ಡ ಫ್ಲೆಕ್ಸ್ ಮಾಡಿಸಿದ್ದೇನೆ. ಕೈಯಲ್ಲಿ ಕುಡಗೋಲು, ಕಣ್ಣಲ್ಲಿ ಬಿಸಿಲು, ಕೆಳಗೆ ‘ಸೇಡಿನ ಕಿಡಿ’ ಎಂದು ಬರೆಸಿದ್ದೇನೆ. ರುತುಜಾ ಇನ್ನೂ ನೋಡಿಲ್ಲ. ಜನ ಒಮ್ಮೆ ಒಳಗೆ ಬರಲಿ, ಮುಂದಿನದು ಮುಂದೆ.

ಮೊದಲ ದಿನಕ್ಕೆ ನೀನು ಬರಲೇಬೇಕು. ನೀನು ಸಿನೆಮಾಕ್ಕೆ ಬಂದರೂ ಪರದೆಗಿಂತ ಹೆಚ್ಚು ಅಕ್ಕಪಕ್ಕದವರ ಮುಖವನ್ನೇ ನೋಡುತ್ತೀಯ, ಗೊತ್ತು. ಈ ಸಲ ಯಾರ ಮನೆಯ ಸೊಸೆ ಯಾವ ಸೀರೆ ಉಟ್ಟಿದ್ದಾಳೆ ಎಂಬುದನ್ನು ಬಿಟ್ಟು ಮಗಳ ಸಿನೆಮಾ ನೋಡು.

ನಿನ್ನ
ಕೇದಾರ

---

ಗಡಹಿಂಗ್ಲಜ
29 ಜನವರಿ 2025

ಕೇದಾರನಿಗೆ ತಂಗೆವ್ವನ ಆಶೀರ್ವಾದ.

ಮಲ್ಲಾರಿಯನ್ನು ಕೇಳಿದೆ. ರೊಟ್ಟಿ ತಿಂದಿಲ್ಲ ಎಂದು ಆಣೆ ಮಾಡುವಾಗ ಅವನ ಮೀಸೆಯಲ್ಲಿ ಚಟ್ನಿ ಇತ್ತು.

ನನಗೆ ಬರಲು ಆಗುವುದಿಲ್ಲ. ಖಾನಾವಳಿಯಲ್ಲಿ ಮದುವೆ ಸೀಜನ್ನಿನ ಆರ್ಡರು ಬಂದಿವೆ, ಯಮುನವ್ವ ಒಬ್ಬಳೇ ಎಷ್ಟು ರೊಟ್ಟಿ ಬಡಿದಾಳು? ಮಗಳ ಹೆಸರು ಪರದೆಯ ಮೇಲೆ ಬಂದಾಗ ನನ್ನ ಪಾಲಿಗೂ ಒಂದು ಚಪ್ಪಾಳೆ ನೀನೇ ಹೊಡಿ.

ಅವಳಿಗೆ ಒಂದು ಮಾತು ಹೇಳು. ಹಾಡು ಯಾಕೆ ಹಾಕಲಿಲ್ಲ? ಮಾತು ಯಾಕೆ ಹಾಕಲಿಲ್ಲ? ಸಿನೆಮಾ ಅಂದ ಮೇಲೆ ಅಳುವವರು ಹಾಡಿಕೊಂಡು ಅಳಬೇಕು. ನಾವು ಯಡ್ರಾವದಲ್ಲಿ ಮಗ್ಗ ನಡೆಸುವಾಗ ಹಾಗಲ್ಲದ ಸಿನೆಮಾಕ್ಕೆ ಕಾಲಿಡುತ್ತಿರಲಿಲ್ಲ. ಯಾವ ಸಿನೆಮಾ ನೋಡಬೇಕೆಂದು ನಿಶ್ಚಯ ಮಾಡುತ್ತಿದ್ದವಳು ನನ್ನ ಪಕ್ಕದ ಮಗ್ಗದ ಶಾಲನ ಎಂಬವಳು. ಅವಳು ಮೊದಲ ದಿನವೇ ನೋಡಿ ಬರುವಳು. ಮರುದಿನ ಶೆಡ್ಡಿನಲ್ಲಿ ಮಗ್ಗಗಳ ಗದ್ದಲದ ನಡುವೆ ನಿಂತು ಕೈಯಲ್ಲೇ ಇಡೀ ಕತೆ ಹೇಳುವಳು. ಕಣ್ಣ ಕೆಳಗೆ ಬೆರಳು ಎಳೆದರೆ ಚೆನ್ನಾಗಿ ಅಳಿಸುತ್ತದೆ ಎಂದು. ಅಂಗೈ ಝಾಡಿಸಿದರೆ ಹೋಗಬೇಡಿರಿ ಎಂದು. ಅವಳ ಅಂಗೈ ಝಾಡಿಸಿದ ಸಿನೆಮಾವನ್ನು ನಮ್ಮ ಓಣಿಯಲ್ಲಿ ಒಬ್ಬರೂ ನೋಡುತ್ತಿರಲಿಲ್ಲ.

ಈಗ ನನಗೆ ಸಿನೆಮಾದ ಮೇಲೆ ಮನಸ್ಸಿಲ್ಲ. ದೀಪಾವಳಿಗೆ ರುತುಜಾ ಕೊಲ್ಹಾಪುರದ ಮಾಲ್‌ನ ಟಾಕೀಜಿಗೆ ಕರೆದುಕೊಂಡು ಹೋಗಿದ್ದಳು. ಮುಂದಿನ ಸಾಲಿನ ಹುಡುಗಿಯರು ನಕ್ಕರು, ನಾನೂ ಜೋರಾಗಿ ನಕ್ಕೆ. ನೋಡಿದರೆ ಪರದೆಯ ಮೇಲೆ ಹೆಣ ಎತ್ತುತ್ತಿದ್ದರು. ಆ ಹುಡುಗಿಯರು ಮೊಬೈಲಿನಲ್ಲಿ ಏನೋ ನೋಡಿ ನಕ್ಕಿದ್ದರು. ಎಲ್ಲರೂ ನನ್ನ ಕಡೆ ತಿರುಗಿದರು. ರುತುಜಾ ನನ್ನ ಕೈ ಹಿಡಿದುಕೊಂಡು ಕೂತಳು. ಆ ಸಿನೆಮಾವೇ ಸರಿ ಇರಲಿಲ್ಲ ಬಿಡು.

ಫ್ಲೆಕ್ಸಿನ ವಿಷಯ ನನಗೆ ತಿಳಿಯುವುದಿಲ್ಲ. ಆದರೆ ಮೇವು ಕೊಯ್ಯುವವಳ ಕೈಯಲ್ಲಿ ಸೇಡು ಎಲ್ಲಿಂದ ಬಂತೋ ಮಾರಾಯ?

ನಿನ್ನ ಚಿಗವ್ವ
ತಂಗೆವ್ವ

---

ಇಚಲಕರಂಜಿ
8 ಫೆಬ್ರುವರಿ 2025, ಬೆಳಿಗ್ಗೆ

ಚಿಗವ್ವ,

ಇದನ್ನು ಮಲ್ಲಾರಿಯ ಮೊದಲ ಬಸ್ಸಿಗೇ ಕೊಡುತ್ತಿದ್ದೇನೆ. ನಿನ್ನ ಮಗಳ ಸಿನೆಮಾವನ್ನು ನಾನೇ ಕೆಡಿಸಿದೆ.

ನಿನ್ನೆ ಮೊದಲ ಆಟಕ್ಕೆ ಟಾಕೀಜು ತುಂಬಿತ್ತು. ಕುಡಗೋಲು ಕೆಲಸ ಮಾಡಿತ್ತು. ನಾನು ಮೀಸೆ ತಿರುವುತ್ತ ಬಾಗಿಲಲ್ಲಿ ನಿಂತಿದ್ದೆ. ಸಿನೆಮಾದಲ್ಲಿ ಒಂದು ಸೀನಿದೆ. ನಾಯಕಿ ದೂರದ ಮಗ್ಗದ ಗೆಳತಿಗೆ ಕೈಮಾತಿನಲ್ಲಿ ಮಾಲಕನನ್ನು ಬೈಯುತ್ತಿರುತ್ತಾಳೆ. ಅವನ ಹೊಟ್ಟೆ, ಅವನ ನಡಿಗೆ, ಅವನ ಜಿಪುಣತನ ಒಂದನ್ನೂ ಬಿಡುವುದಿಲ್ಲ. ಮಾಲಕ ಹಿಂದೆಯೇ ನಿಂತು, ತನ್ನನ್ನು ಹೊಗಳುತ್ತಿದ್ದಾಳೆಂದು ತಿಳಿದು ತಲೆಯಾಡಿಸುತ್ತಾನೆ. ರುತುಜಾ ಇದನ್ನು ನಗಿಸಲೆಂದೇ ತೆಗೆದಿದ್ದಾಳೆ. ಆದರೆ ಯಾರೂ ನಗಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕೂತಿದ್ದರು. ಮುಂದಿನ ಸಾಲಿನಿಂದ ಒಬ್ಬ ಕೂಗಿದ: “ಈಗ ನೋಡ್ರಿ, ಕುಡಗೋಲ ತಗೀತಾಳ!”

ಕುಡಗೋಲು ಬಂದದ್ದು ಆಡಿನ ಸೀನಿನಲ್ಲಿ. ಅವಳು ಮೇವು ಕೊಯ್ದಳು, ಆಡು ತಿಂದಿತು. ಆಮೇಲೆ ಟಾಕೀಜಿನಲ್ಲಿ ಎದ್ದ ಗಲಾಟೆ ಕೇಳಬೇಡ. ಇಂಟರ್ವಲ್ಲಿನಲ್ಲಿ ಅರ್ಧ ಜನ ಬೈಯುತ್ತ ಹೊರಗೆ ಬಂದರು. “ಆಡಿನ ಮ್ಯಾಗ ಸೇಡ ತೀರಿಸ್ಕೊಂಡ್ಲೇನ್ರಿ?” ಎಂದು ಒಬ್ಬ ನನ್ನ ಅಂಗಿ ಹಿಡಿದ. ಇನ್ನರ್ಧ ಜನ ಕೂತೇ ಇದ್ದರು, ಅವರಲ್ಲಿ ಹೆಚ್ಚಿನವರು ಮಗ್ಗದವರೇ. ಆದರೆ ಒಂದು ಸೀಟಿ ಇಲ್ಲ, ಒಂದು ಚಪ್ಪಾಳೆ ಇಲ್ಲ. ಇಣುಕಿ ನೋಡಿದೆ. ಕತ್ತಲಲ್ಲಿ ಸುಮ್ಮನೆ ಕೂತು ಸೊಳ್ಳೆ ಓಡಿಸುವಂತೆ ಕೈ ಆಡಿಸುತ್ತಿದ್ದರು. ಅಷ್ಟು ಬೇಜಾರು ಬಂದಿತ್ತು ಅವರಿಗೆ.

ರುತುಜಾ ಬಂದು ಫ್ಲೆಕ್ಸಿನ ಕೆಳಗೆ ನಿಂತು ಬಹಳ ಹೊತ್ತು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. “ಅಣ್ಣಾ, ಇದು ಯಾರ ಸಿನೆಮಾ? ನಾ ಮಾಡಿದ್ದಲ್ಲಲ್ಲಾ ಇದು,” ಎಂದಳು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಕಾಡಸಿದ್ದಣ್ಣ ಹೇಳಿದ್ದಾರೆ: “ಕೇದಾರ, ನಮ್ಮ ಪಬ್ಲಿಕ್ ಗದ್ಲ ಕೇಳಾಕ ಬರ್ತೈತಿ. ಸುಮ್ನ ಕುಂಡ್ರಾಕ ಯಾರೂ ತಿಕೀಟ ತಗೊಳ್ಳೂದಿಲ್ಲ. ಸೋಮವಾರ ತಗದ್ ಬಿಡು.” ನನಗೂ ಅದೇ ಸರಿ ಅನ್ನಿಸಿದೆ. ಆದರೆ ಅವಳಿಗೆ ಹೇಳಲು ಬಾಯಿ ಬರುತ್ತಿಲ್ಲ. ನೀನು ತಾಯಿ, ನೀನು ಹೇಳಿದರೆ ತಡೆದುಕೊಂಡಾಳು. ಎರಡು ಸಾಲು ಬರೆದು ಕೊಡು.

ಕೇದಾರ

---

ಗಡಹಿಂಗ್ಲಜ
8 ಫೆಬ್ರುವರಿ 2025, ಸಂಜೆ

ಕೇದಾರಾ,

ಮಲ್ಲಾರಿಯನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ. ಬಸ್ಸಿಗೆ ಹೊತ್ತಾಯಿತೆಂದು ಅವನು ಸಿಳ್ಳೆ ಊದುತ್ತಿದ್ದಾನೆ. ಊದಲಿ.

ಅವು ಸೊಳ್ಳೆಯಲ್ಲೋ ಹುಚ್ಚಪ್ಪಾ, ಮಾತು! ಎಷ್ಟು ವರ್ಷ ಇಚಲಕರಂಜಿಯ ನೀರು ಕುಡಿದೆ ನೀನು? ನಿನ್ನನ್ನು ಶೆಡ್ಡಿಗೆ ಹಾಕದೆ ಟಾಕೀಜಿಗೆ ಹಾಕಿದ್ದು ನನ್ನದೇ ತಪ್ಪು. ಶೆಡ್ಡಿನಲ್ಲಿ ಕೂಗಿದರೆ ಪಕ್ಕದವನಿಗೂ ಕೇಳುವುದಿಲ್ಲ. ಅಲ್ಲಿ ಖುಷಿಯಾದರೂ ಕೈ, ಜಗಳವಾದರೂ ಕೈ. ಮಗ್ಗದವರು ಬೇಜಾರಾದರೆ ಎದ್ದು ಹೋಗಿ ಚಹಾ ಕುಡಿಯುತ್ತಾರೆ, ಕೂತು ಕೈ ಆಡಿಸುವುದಿಲ್ಲ. ಅವರು ಕೂತರು, ಗಲಾಟೆಯ ನಡುವೆಯೂ ಕೂತರು, ಒಬ್ಬರಿಗೊಬ್ಬರು ಹೇಳಿಕೊಂಡರು. ನೀನು ಸೀಟಿಗಾಗಿ ಕಿವಿ ಕೊಟ್ಟು ನಿಂತಿದ್ದೆ, ಅವರ ಕೈ ನಿನಗೆ ಕಾಣಲಿಲ್ಲ.

ನಾನೂ ಹಾಡು ಯಾಕಿಲ್ಲ ಎಂದು ಬರೆದೆ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು, ನನ್ನ ಮಗಳು ನಮ್ಮ ಮಾತನ್ನೇ ಸಿನೆಮಾದಲ್ಲಿ ಇಟ್ಟಿದ್ದಾಳೆ. ಆ ಮಾಲಕನನ್ನು ಬೈಯುವ ಸೀನು ಶಾಲನಳದ್ದು. ಹೊಟ್ಟೆ ತೋರಿಸಿ ಬೈಯುತ್ತಿದ್ದವಳು ಅವಳೇ. ಓದುತ್ತ ಓದುತ್ತ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡೆ.

ಸಿನೆಮಾ ತೆಗೆಯಬೇಡ. ಆ ಕುಡಗೋಲನ್ನು ತೆಗೆ. ಕುಡಗೋಲು ನೋಡಿ ಬಂದವನು ಕುಡಗೋಲು ಕೇಳಿದರೆ ಅವನ ತಪ್ಪೇನು? ಒಳಗೆ ಏನಿದೆಯೋ ಅದನ್ನೇ ಹೊರಗೆ ಬರಿ. ಯಡ್ರಾವಕ್ಕೆ ಹೋಗಿ ಶಾಲನಳಿಗೆ ನಾನು ಹೇಳಿದೆ ಎಂದು ಹೇಳು. ಪುಕ್ಕಟೆ ಕೂಡಿಸಬೇಡ, ಪುಕ್ಕಟೆ ತೋರಿಸಿದ್ದನ್ನು ಅವಳು ಯಾವಾಗಲೂ ಬೈಯುತ್ತಾಳೆ. ಅವಳು ಅಂಗೈ ಝಾಡಿಸಿದರೆ ಆಗ ತೆಗೆ, ನಾನು ಏನೂ ಅನ್ನುವುದಿಲ್ಲ.

ರುತುಜಾಗೆ ಇದಾವುದನ್ನೂ ಹೇಳಬೇಡ. ಬುತ್ತಿ ಕಳಿಸಿದ್ದೇನೆ, ಅವಳಿಗೆ ಉಣ್ಣಿಸು.

ತಂಗೆವ್ವ

---

ಇಚಲಕರಂಜಿ
14 ಫೆಬ್ರುವರಿ 2025

ಚಿಗವ್ವ,

ಇವತ್ತು ಕಾಗದದ ತುಂಬ ನಿನ್ನ ಕಾಲಿಗೆ ಬೀಳುವುದೊಂದೇ ಕೆಲಸ. ಆದರೂ ಕ್ರಮವಾಗಿ ಹೇಳುತ್ತೇನೆ.

ಭಾನುವಾರವೇ ಫ್ಲೆಕ್ಸ್ ಇಳಿಸಿದೆ. ಕಾಡಸಿದ್ದಣ್ಣನ ಎದುರು ಕೈಮುಗಿದು ಗುರುವಾರದವರೆಗೆ ಮಧ್ಯಾಹ್ನದ ಆಟ ಮಾತ್ರ ಉಳಿಸಿಕೊಂಡೆ. ಹೊಸ ಫ್ಲೆಕ್ಸಿನಲ್ಲಿ ಗಂಡ ಹೆಂಡತಿ ಎರಡು ಮಗ್ಗಗಳ ನಡುವೆ ನಿಂತ ಫೋಟೋ ಹಾಕಿಸಿ, ‘ಫೈಟ್ ಇಲ್ಲ, ಹಾಡಿಲ್ಲ, ಮಾತು ಕಡಿಮೆ. ನಮ್ಮ ಮಗ್ಗದ ಮನೆಯ ನಗೆ ಇದೆ’ ಎಂದು ಮರಾಠಿಯಲ್ಲಿ ಬರೆಸಿದೆ. ಮಾಲಕರು ನೋಡಿ, “ಇಲ್ಲ, ಇಲ್ಲ ಅಂತ ಬರದ್ರ ಏನ್ ನೋಡಾಕ ಬರ್ತಾರಲೇ?” ಎಂದರು. ಅವರು ಹೇಳಿದಂತೆ ಸೋಮವಾರ ಕುರ್ಚಿಗಳೇ ಸಿನೆಮಾ ನೋಡಿದವು. ಆದರೆ ನಾನು ಯಡ್ರಾವಕ್ಕೆ ಹೋಗಿ ಕರೆದಿದ್ದ ನಿನ್ನ ಶಾಲನ ತಿಕೀಟು ತೆಗೆದುಕೊಂಡು ಮೂಲೆಯಲ್ಲಿ ಕೂತಿದ್ದಳು. ಹೊರಗೆ ಬಂದಾಗ ಅವಳ ಕೈಯನ್ನೇ ನೋಡುತ್ತ ನಿಂತಿದ್ದೆ. ಅವಳು ಕೈ ಎತ್ತಲೇ ಇಲ್ಲ. ಸೆರಗು ಸರಿಮಾಡಿಕೊಂಡು ನೆಟ್ಟಗೆ ಬಸ್ಸಿಗೆ ಹೋದಳು. ಇನ್ನು ಮುಗಿಯಿತು ಎಂದುಕೊಂಡೆ.

ಬುಧವಾರ ಯಡ್ರಾವದಿಂದ ಟೆಂಪೋ ತುಂಬ ಹೆಂಗಸರು ಬಂದರು. ಹಿಂದೆ ಅವರ ಗಂಡಂದಿರು, ಅತ್ತೆಯರು. ಹುಪರಿಯಿಂದ ಕಾಲುಂಗುರ ಮಾಡುವ ಬೆಳ್ಳಿ ಕೆಲಸದವರೂ ಸುದ್ದಿ ಕೇಳಿ ಬಂದಿದ್ದರು. ನಾನು ಕಿಟಕಿಯಲ್ಲಿ ಪ್ರತಿಯೊಬ್ಬರಿಗೂ, “ಫೈಟ್ ಇಲ್ರೀ, ಹಾಡಿಲ್ರೀ, ನಡೀತೈತಿ?” ಎಂದು ಕೇಳಿಯೇ ತಿಕೀಟು ಕೊಟ್ಟೆ. “ಗೊತ್ತೈತಿ ಕೊಡೋ, ಶಾಲನ ಹೇಳ್ಯಾಳ,” ಎಂದು ಒಬ್ಬಳು ಬೈದಳು.

ಮಾಲಕನನ್ನು ಬೈಯುವ ಸೀನು ಬಂದಾಗ ಇಡೀ ಟಾಕೀಜು ನಕ್ಕಿತು. ಚಿಗವ್ವ, ಸಿನೆಮಾದಲ್ಲಿ ಒಂದು ಚೂರೂ ಬದಲಾಗಿರಲಿಲ್ಲ. ಶುಕ್ರವಾರ ಕೊಲೆಯಾಗುತ್ತದೆಂದು ಕಾದು ಕೂತ ಜಾಗದಲ್ಲೇ ಬುಧವಾರ ಹೊಟ್ಟೆ ಹಿಡಿದು ನಕ್ಕರು. ಕಾಡಸಿದ್ದಣ್ಣ ಹಿಂದಿನ ಗೋಡೆಗೆ ಒರಗಿ ನಿಂತು ನೋಡಿದರು, ಮಾಲಕರ ನಗೆ ಬೇರೆಯವರಿಗಿಂತ ಸ್ವಲ್ಪ ತಡವಾಗಿ ಬಂತು. ಇವತ್ತಿನಿಂದ ಎಲ್ಲ ಆಟಕ್ಕೂ ಅದೇ ಸಿನೆಮಾ. ಕೊಲ್ಹಾಪುರದ ಒಬ್ಬ ಟಾಕೀಜಿನವರು ಫೋನ್ ಮಾಡಿ ಸಿನೆಮಾದ ಜೊತೆಗೆ ಆ ಫ್ಲೆಕ್ಸನ್ನೂ ಕಳಿಸಿರಿ ಎಂದರು.

ಇನ್ನೊಂದು ಮಾತು. ಹೇಳಬೇಡ ಎಂದು ರುತುಜಾ ಆಣೆ ಹಾಕಿದ್ದಾಳೆ. ಆದರೆ ಇದನ್ನು ಹೇಳದಿದ್ದರೆ ನಾನು ನಿನ್ನ ರೊಟ್ಟಿ ತಿಂದದ್ದು ದಂಡ. ನೀನು ಕಳಿಸಿದ ಬುತ್ತಿ ಉಣ್ಣುವಾಗ, ಅಷ್ಟು ಟಾಕೀಜಿನವರು ಸಿನೆಮಾ ಬೇಡವೆಂದರೂ ಮಾತು ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಅವಳು ಹೇಳಿದಳು: “ಅವ್ವಗ ಕೇಳೂದಿಲ್ಲಣ್ಣಾ. ಭಾಳ ವರ್ಷ ಆತು. ಮಾತ ಇಟ್ಟಿದ್ರ ಅಕಿ ಮತ್ತ ಮಂದಿ ಮಾರಿ ನೋಡ್ಕೋತ ಕುಂಡ್ರತಿದ್ಲು. ಒಂದ ಸಿನೆಮಾರ ಅಕಿ ನೆಟ್ಟಗ ಪರದೆ ನೋಡ್ಲಿ ಅಂತ ಮಾಡೇನಿ.”

ನಾನು ರೇಂಜ್ ಬೈಯುತ್ತ ಕೂತವನು. ಸೀರೆ ನೋಡುತ್ತೀಯ ಎಂದು ಕಾಗದದಲ್ಲಿ ಚೇಷ್ಟೆ ಮಾಡಿದವನು. ನೀನು ಬಾ ಚಿಗವ್ವ.

ಕೇದಾರ

---

ಇಚಲಕರಂಜಿ
20 ಫೆಬ್ರುವರಿ 2025

ಚಿಗವ್ವ,

ಮಲ್ಲಾರಿ ದಿನಾ ಬರಿಗೈಲಿ ಬರುತ್ತಿದ್ದಾನೆ. ಏನು ಹೇಳಿದಳು ಎಂದು ಕೇಳಿದರೆ, “ಏನಿಲ್ರೀ, ರೊಟ್ಟಿ ಬಡಿಯಾಕತ್ತಾರ. ಭಾಳ ಜೋರ ಬಡಿಯಾಕತ್ತಾರ,” ಎನ್ನುತ್ತಾನೆ. ಸಿಟ್ಟಿದ್ದರೆ ನನ್ನ ಮೇಲಿರಲಿ, ಅವಳ ಮೇಲೆ ಬೇಡ. ಮುಂದಿನ ಗುರುವಾರ ನಮ್ಮಲ್ಲಿ ಕೊನೆಯ ಆಟ. ರುತುಜಾ ಒಂದು ದಿನವೂ ತಪ್ಪಿಸದೆ ಬಂದು ಬಾಗಿಲ ಹತ್ತಿರ ನಿಲ್ಲುತ್ತಾಳೆ. ಯಾರಿಗೆ ಕಾಯುತ್ತೀ ಎಂದು ನಾನು ಕೇಳುವುದಿಲ್ಲ.

ಕೇದಾರ

---

ಗಡಹಿಂಗ್ಲಜ
24 ಫೆಬ್ರುವರಿ 2025

ಕೇದಾರನಿಗೆ ತಂಗೆವ್ವನ ಆಶೀರ್ವಾದ.

ಸಿಟ್ಟು ಬಂದಿತ್ತು. ನಿನ್ನ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ತುರುಕಿ, ಇನ್ನು ಇವನಿಗೆ ಬರೆಯುವುದಿಲ್ಲ ಎಂದುಕೊಂಡೆ. ಮಗ್ಗದ ಮುಂದೆ ಕಳೆದ ಕಿವಿ, ನಾಚಿಕೆ ಪಡುವಂಥದ್ದಲ್ಲ. ಆದರೂ ನಾಚಿಕೆ. ಮಗಳು ಮಾತಾಡುವಾಗ ತುಟಿ ನೋಡಿ ಉತ್ತರ ಕೊಡುತ್ತಿದ್ದೆ, ಅವಳಿಗೆ ಗೊತ್ತಾಗಿಲ್ಲ ಎಂದುಕೊಂಡಿದ್ದೆ. ಆಮೇಲೆ ಒಂದೊಂದೇ ನೆನಪಾಯಿತು. ಅವಳು ಎಂದೂ ಬೆನ್ನು ಮಾಡಿ ಮಾತಾಡಿದವಳಲ್ಲ. ದೀಪ ಹಚ್ಚದೆ ಮಾತು ಶುರು ಮಾಡಿದವಳಲ್ಲ. ನಾನು ಅವಳಿಂದ ಮುಚ್ಚಿಟ್ಟೆ ಎಂದುಕೊಂಡದ್ದನ್ನು ಅವಳೇ ಇಷ್ಟು ದಿನ ನನಗಾಗಿ ಮುಚ್ಚಿಟ್ಟುಕೊಂಡು ಬಂದಿದ್ದಳು. ಇದು ತಿಳಿದ ಮೇಲೆ ಸಿಟ್ಟು ಎಲ್ಲಿಂದ ತರಲಿ?

ನಿನ್ನೆ ಯಮುನವ್ವನನ್ನು ಕಟ್ಟಿಕೊಂಡು ಮಲ್ಲಾರಿಯ ಬಸ್ಸು ಹತ್ತಿದೆ. ನಿನಗೆ ಹೇಳಬಾರದೆಂದು ಅವನ ಬಾಯಿಗೆ ರೊಟ್ಟಿ ತುರುಕಿದ್ದೆ. ನಿನ್ನ ಕಿಟಕಿಗೇ ಬಂದು ಎರಡು ಬೆರಳು ತೋರಿಸಿದೆ. ನೀನು ತಲೆ ಬಗ್ಗಿಸಿಕೊಂಡೇ ಏನೋ ಕೇಳಿದೆ. ತುಟಿ ಕಾಣದಿದ್ದರೂ ನೀನು ಕೇಳಿದ್ದು ಗೊತ್ತಾಯಿತು, ಅದನ್ನು ನೀನು ಕಾಗದದಲ್ಲೇ ಬರೆದಿದ್ದೆಯಲ್ಲ. “ನಡೀತೈತಿ ಕೊಡಪಾ,” ಎಂದೆ. ಚಿಗವ್ವನ ದನಿ ಗುರುತು ಸಿಗದ ನೀನು ಯಾರ ಕಿವಿಯನ್ನೂ ಆಡಿಕೊಳ್ಳಬೇಡ.

ರುತುಜಾ ಬಾಗಿಲಲ್ಲಿ ನಿಂತಿದ್ದಳು. ಮುಂಗೈ ಎದೆಗೆ ತಟ್ಟಿ, ಉಂಡೆಯಾ ಎಂದು ಕೈಯಲ್ಲೇ ಕೇಳಿದಳು. ಸಣ್ಣವಳಿದ್ದಾಗ ಶೆಡ್ಡಿನ ಬಾಗಿಲಿಗೆ ಬಂದು ಹಾಗೆಯೇ ಕೇಳುತ್ತಿದ್ದಳು. ಉಂಡೆ ಎಂದು ನಾನೂ ಕೈಯಲ್ಲೇ ಹೇಳಿದೆ. ಅಷ್ಟಕ್ಕೇ ಅವಳು ಅತ್ತಳು. ಯಮುನವ್ವ ಏನಾಯಿತೆಂದು ತಿಳಿಯದೆ ತಾನೂ ಅತ್ತಳು.

ನಿನಗೆ ಏನು ಕೊಡಲಿ ಕೇದಾರಾ? ಆಣೆ ಮುರಿದು ನನಗೆ ನಿಜ ಹೇಳಿದೆ. ಸಿನೆಮಾದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿ ಜನರನ್ನು ಕರೆದೆ. ಟಾಕೀಜಿನಲ್ಲಿ ಯಾರೂ ಇಲ್ಲದ್ದನ್ನು ಕೇಳಲಿಲ್ಲ, ಇದ್ದದ್ದನ್ನು ನೋಡಿದರು. ಊಟ ಹಾಕಿದ್ದನ್ನು ನೀನು ಮತ್ತೆ ಮತ್ತೆ ಬರೆಯುತ್ತೀಯ, ಇನ್ನು ಬರೆಯಬೇಡ. ಆ ಊಟದ ಋಣ ತೀರಿ, ಈಗ ನಾನೇ ನಿನಗೆ ಬಾಕಿ. ಶೇಂಗಾ ಹೋಳಿಗೆ ಕಳಿಸಿದ್ದೇನೆ, ಮಲ್ಲಾರಿಯ ಪಾಲನ್ನು ಬೇರೆ ಕಟ್ಟಿದ್ದೇನೆ. ಮತ್ತೆ, ಫೋನ್ ಮಾಡಬೇಡ. ಇಲ್ಲಿ ರೇಂಜ್ ಚೆನ್ನಾಗಿಯೇ ಇದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ನಾಯಕಿ ಆ ಮಾಲಕನ ಹೊಟ್ಟೆಯನ್ನು ಕೈಯಲ್ಲಿ ತೋರಿಸಿದಳಲ್ಲ, ಅವನು ಹಿಂದೆ ನಿಂತು ತಲೆಯಾಡಿಸಿದನಲ್ಲ, ಆಗ ನನಗೆ ನಗೆ ತಡೆಯಲಿಲ್ಲ. ನಕ್ಕು ಮುಗಿಸಿ ಕಣ್ಣೊರೆಸಿಕೊಂಡ ಮೇಲೆ ಪಕ್ಕಕ್ಕೆ ನೋಡಿದರೆ ಯಮುನವ್ವ ನಗುತ್ತಿದ್ದಳು, ಮುಂದಿನ ಸಾಲು ನಗುತ್ತಿತ್ತು, ಇಡೀ ಟಾಕೀಜು ನಗುತ್ತಿತ್ತು. ಕೇದಾರಾ, ನಾನು ಯಾರ ಮುಖವನ್ನೂ ನೋಡದೆ ನಕ್ಕಿದ್ದೆ.

ನಿನ್ನ ಚಿಗವ್ವ
ತಂಗೆವ್ವ